ಕೆಲಸವಿಲ್ಲದ ಕಾಲದಲ್ಲಿ ಬರೆದ ಪುಸ್ತಕ, ಆ ಪುಸ್ತಕ ತಂದುಕೊಟ್ಟ ಜಲಪಾತದ ಮನೆ: ಫ್ರಾಂಕ್ ಲಾಯ್ಡ್ ರೈಟ್ ಕಥೆ ಮತ್ತು ಅವರ ಆಫೀಸಿನವರು ಹೇಳಿದ ಉಳಿದರ್ಧ

1932ರಲ್ಲಿ ಅಮೆರಿಕದಲ್ಲಿ ಆರ್ಕಿಟೆಕ್ಟ್ ಆಗಿರುವುದೆಂದರೆ ಖಾಲಿ ಕೂರುವುದು ಎಂದೇ ಅರ್ಥ. 1929ರ ಷೇರುಪೇಟೆ ಕುಸಿತದ ನಂತರ ಮನೆ ಕಟ್ಟಿಸುವವರೂ ಇರಲಿಲ್ಲ, ಸಾಲ ಕೊಡುವ ಬ್ಯಾಂಕೂ ಇರಲಿಲ್ಲ. ಆ ವರ್ಷ 65ಕ್ಕೆ ಕಾಲಿಟ್ಟ ಫ್ರಾಂಕ್ ಲಾಯ್ಡ್ ರೈಟ್ ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಮೈತುಂಬ ಸಾಲ. ಊರೆಲ್ಲ ಮಾತಾಡಿಕೊಂಡ ಹಗರಣಗಳು. ಕೈಗೆ ಬಂದಿದ್ದ ಎರಡು ದೊಡ್ಡ ಯೋಜನೆಗಳು, ನ್ಯೂಯಾರ್ಕಿನ ಗೋಪುರ ಮತ್ತು ಅರಿಜೋನಾ ಮರುಭೂಮಿಯ ಹೋಟೆಲ್, ಕಾಗದದಲ್ಲೇ ಉಳಿದಿದ್ದವು. ಹೊಸ ತಲೆಮಾರಿನ ವಿಮರ್ಶಕರು ಅವರನ್ನು ಆಗಲೇ ಹಳೆಯ ಕಾಲದ ದೊಡ್ಡವರ ಸಾಲಿಗೆ ಸೇರಿಸಿ ಮುಂದೆ ಹೋಗಿದ್ದರು.

ಅದೇ ವರ್ಷ ಅವರ ಆತ್ಮಕಥೆ ಹೊರಬಂತು. ಹೆಸರು 'ಆ್ಯನ್ ಆಟೋಬಯೋಗ್ರಫಿ'. ಆರ್ಕಿಟೆಕ್ಟ್‌ಗಳು ತಮ್ಮ ಕೆಲಸ, ಆಫೀಸು, ಗಿರಾಕಿ, ಹಣಕಾಸಿನ ಬಗ್ಗೆ ಬರೆದ ಪುಸ್ತಕಗಳು ಇಂದು ಬೇಕಾದಷ್ಟಿವೆ. ಆದರೆ ಬರೆದವರ ಬದುಕನ್ನೇ ತಿರುಗಿಸಿ ಹಾಕಿದ್ದು, ನಿಂತುಹೋದ ಆಫೀಸಿಗೆ ಮತ್ತೆ ಕೆಲಸ ಎಳೆದು ತಂದಿದ್ದು ಈ ಒಂದು ಪುಸ್ತಕದಷ್ಟು ಇನ್ನೊಂದಿಲ್ಲ. ಅಷ್ಟೇ ಅಲ್ಲ, ಆ ಆಫೀಸಿನಲ್ಲಿ ದುಡಿದವರು, ಮಗ, ಗಿರಾಕಿ ಎಲ್ಲರೂ ಮುಂದೆ ತಮ್ಮ ತಮ್ಮ ಪುಸ್ತಕ ಬರೆದರು. ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ಕಾಣುವ ರೈಟ್ ಬೇರೆಯೇ.

ಹುಟ್ಟಿದ ವರ್ಷದಿಂದಲೇ ತಿದ್ದುಪಡಿ

ರೈಟ್ ಹುಟ್ಟಿದ್ದು 1867ರ ಜೂನ್ 8ರಂದು, ವಿಸ್ಕಾನ್ಸಿನ್ ರಾಜ್ಯದ ರಿಚ್‌ಲೆಂಡ್ ಸೆಂಟರ್ ಎಂಬ ಸಣ್ಣ ಊರಿನಲ್ಲಿ. ಆದರೆ ಬಹುಕಾಲ ಅವರು ಹೇಳಿಕೊಂಡು ಬಂದ ವರ್ಷ 1869. ಎರಡು ವರ್ಷ ಕಡಿಮೆ! ತಾಯಿ ಅನಾ ವೇಲ್ಸ್‌ನಿಂದ ವಲಸೆ ಬಂದ ಲಾಯ್ಡ್ ಜೋನ್ಸ್ ಎಂಬ ದೊಡ್ಡ ರೈತ ಕುಟುಂಬದವರು. ತಂದೆ ವಿಲಿಯಂ ಪಾದ್ರಿ, ಜೊತೆಗೆ ಸಂಗೀತಗಾರ. ಮಗ ಕಟ್ಟಡ ಕಟ್ಟುವವನೇ ಆಗಬೇಕು ಎಂದು ತಾಯಿಗೆ ಹಟ. ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ ರೂಪಿಸಿದ ಮರದ ತುಂಡುಗಳ ಆಟಿಕೆ ತಂದುಕೊಟ್ಟರು. ಚೌಕ, ಗೋಲ, ಉರುಟು ತುಂಡುಗಳನ್ನು ಜೋಡಿಸಿ ಆಡಿದ ಆ ಆಟವೇ ತಮ್ಮ ಕೈಯಲ್ಲಿ ಉಳಿದುಬಿಟ್ಟಿತು ಎಂದು ರೈಟ್ ಮುಪ್ಪಿನಲ್ಲೂ ಹೇಳುತ್ತಿದ್ದರು.

ಪುಸ್ತಕದ ಶುರುವಿನಲ್ಲೇ ಒಂದು ಹಿಮದ ಬಯಲು ಬರುತ್ತದೆ. ಸೋದರಮಾವ ಬಾಲಕನ ಕೈ ಹಿಡಿದು ನೇರ ಗೆರೆ ಎಳೆದಂತೆ ನಡೆಯುತ್ತಾರೆ. ಹುಡುಗ ಕೈ ಬಿಡಿಸಿಕೊಂಡು, ಹಿಮದಿಂದ ಮೇಲೆದ್ದ ಒಣ ಹುಲ್ಲುಕಡ್ಡಿಗಳನ್ನು ಆರಿಸುತ್ತ ಅಡ್ಡಾದಿಡ್ಡಿ ಓಡುತ್ತಾನೆ. ನೇರ ದಾರಿಯೋ, ಕೈತುಂಬ ಹೂಹುಲ್ಲೋ? ಇಡೀ ಪುಸ್ತಕದ ಧಾಟಿ ಅಲ್ಲೇ ಗೊತ್ತಾಗುತ್ತದೆ. ಓದಲು ಚೆನ್ನಾಗಿದೆ. ಆದರೆ ಸ್ವಲ್ಪ ಮುಂದೆ ಹೋದರೆ ತಂದೆ ಮನೆಬಿಟ್ಟು ಹೋದ ಕಥೆ ಬರುತ್ತದೆ. ಹೆಂಡತಿ ಮಕ್ಕಳನ್ನು ತೊರೆದು ಹೋದವರು ಎಂಬಂತೆ ಅವರ ಚಿತ್ರವಿದೆ. 1885ರ ನ್ಯಾಯಾಲಯದ ದಾಖಲೆ ಹೇಳುವುದು ಬೇರೆ: ವಿಚ್ಛೇದನಕ್ಕೆ ಅರ್ಜಿ ಹಾಕಿದ್ದು ತಂದೆಯೇ, ಕಾರಣ ಕೊಟ್ಟಿದ್ದು ಹೆಂಡತಿಯ ಕಿರುಕುಳ. ಮಗ ತಾಯಿಯ ಪಕ್ಷ ವಹಿಸಿದ್ದು ಸಹಜ ಇರಬಹುದು. ಓದುಗರು ಮಾತ್ರ ಅಲ್ಲಿಂದಲೇ ಹುಷಾರಾಗಬೇಕು.

ಕಾಲೇಜಿನ ವಿಷಯವೂ ಹಾಗೆಯೇ. ಪದವಿಗೆ ಇನ್ನೇನು ಕೆಲವೇ ತಿಂಗಳಿರುವಾಗ ಬಿಟ್ಟುಬಂದೆ ಎಂಬಂತೆ ಪುಸ್ತಕದಲ್ಲಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ದಾಖಲೆಯಲ್ಲಿರುವುದು ಎರಡೇ ಸೆಮಿಸ್ಟರ್.

ಗುರುವಿನ ಸಾಲ, ಗುರುವಿನ ಬಾಗಿಲು

1887ರಲ್ಲಿ ಶಿಕಾಗೋಗೆ ಬಂದ ಹುಡುಗನಿಗೆ ಮರುವರ್ಷ ಸಿಕ್ಕಿದ್ದು ಆ್ಯಡ್ಲರ್ ಆ್ಯಂಡ್ ಸಲಿವನ್ ಆಫೀಸು. ಗಗನಚುಂಬಿ ಕಟ್ಟಡಗಳಿಗೆ ಒಂದು ರೂಪ ಕೊಟ್ಟ ಲೂಯಿ ಸಲಿವನ್ ಇವರ ಪಾಲಿಗೆ ಜೀವನವಿಡೀ ಗುರು. ಮದುವೆಯಾದ 1889ರಲ್ಲಿ ಶಿಕಾಗೋ ಪಕ್ಕದ ಓಕ್ ಪಾರ್ಕ್‌ನಲ್ಲಿ ಮನೆ ಕಟ್ಟಿಕೊಳ್ಳಲು ಸಲಿವನ್ 5,000 ಡಾಲರ್ ಸಾಲ ಕೊಟ್ಟರು, ಐದು ವರ್ಷ ಇಲ್ಲೇ ಕೆಲಸ ಮಾಡಬೇಕೆಂಬ ಒಪ್ಪಂದದೊಂದಿಗೆ. ಮಕ್ಕಳಾದವು, ಖರ್ಚು ಏರಿತು. ರಾತ್ರಿ ಹೊತ್ತು ಗುಟ್ಟಾಗಿ ಹೊರಗಿನವರಿಗೆ ಮನೆಗಳ ನಕ್ಷೆ ಮಾಡಿಕೊಡತೊಡಗಿದರು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಮೂನ್‌ಲೈಟಿಂಗ್. 1893ರಲ್ಲಿ ಸಲಿವನ್‌ಗೆ ಗೊತ್ತಾಗಿ ಜಗಳವಾಯಿತು, ರೈಟ್ ಹೊರನಡೆದರು.

ಗುರುಶಿಷ್ಯರ ಈ ಕಥೆಗೆ ಒಂದು ಕೊನೆ ಇದೆ. ಮುಂದೆ ಸಲಿವನ್‌ಗೆ ಕೆಲಸಗಳು ಕೈತಪ್ಪಿದವು, ಕುಡಿತ ಹೆಚ್ಚಾಯಿತು, ಕೊನೆಗೆ ಶಿಕಾಗೋದ ಹೋಟೆಲ್ ಕೋಣೆಯೊಂದರಲ್ಲಿ ಬಡತನದಲ್ಲಿ ಬದುಕಿದರು. ಕೆಲಸವಿಲ್ಲದ ಆ ವರ್ಷಗಳಲ್ಲಿ ಅವರೂ ಒಂದು ಪುಸ್ತಕ ಬರೆದರು, 'ದಿ ಆಟೋಬಯೋಗ್ರಫಿ ಆಫ್ ಆ್ಯನ್ ಐಡಿಯಾ'. ತನ್ನ ಕಥೆಯನ್ನು ತಾನೇ ಬೇರೆಯವನದೆಂಬಂತೆ ಹೇಳಿಕೊಂಡ ವಿಚಿತ್ರ ಪುಸ್ತಕ ಅದು. 1893ರ ಶಿಕಾಗೋ ಜಾಗತಿಕ ಮೇಳದ ಹೊತ್ತಿಗೆ ಬಂದು ನಿಂತುಬಿಡುತ್ತದೆ, ಸೋಲಿನ ವರ್ಷಗಳ ಸುದ್ದಿಯೇ ಇಲ್ಲ. ಪುಸ್ತಕ ಹೊರಬಂದ 1924ರ ಏಪ್ರಿಲ್‌ನಲ್ಲೇ ಸಲಿವನ್ ತೀರಿಕೊಂಡರು. ಅಷ್ಟರೊಳಗೆ ರಾಜಿಯಾಗಿದ್ದ ರೈಟ್ ಅವರನ್ನು ನೋಡಲು ಹೋಗುತ್ತಿದ್ದರು, ಕೈಲಾದಷ್ಟು ಹಣ ಕೊಡುತ್ತಿದ್ದರು. ಎರಡು ವರ್ಷದ ನಂತರ ತಮ್ಮದೇ ಪುಸ್ತಕ ಶುರು ಮಾಡಿದಾಗ ಗುರುವಿನ ಈ ಉದಾಹರಣೆ ಅವರ ಕಣ್ಣ ಮುಂದೆ ಇದ್ದಿರಲೇಬೇಕು.

ಓಕ್ ಪಾರ್ಕ್ ಸ್ಟುಡಿಯೋದಲ್ಲಿ ಕೂತಿದ್ದವರು ಯಾರು?

1898ರಲ್ಲಿ ರೈಟ್ ಮನೆಗೆ ಹೊಂದಿಸಿಯೇ ಸ್ಟುಡಿಯೋ ಕಟ್ಟಿದರು. ಮುಂದಿನ ಹನ್ನೊಂದು ವರ್ಷ ಅಲ್ಲಿಂದ ಹೊರಟಿದ್ದು ಅಮೆರಿಕದ ಮನೆಗಳ ಸ್ವರೂಪವನ್ನೇ ಬದಲಿಸಿದ ವಿನ್ಯಾಸಗಳು. ನೆಲಕ್ಕೆ ಒರಗಿದಂತಿರುವ ಉದ್ದನೆಯ ಮನೆಗಳು, ಅಗಲವಾಗಿ ಚಾಚಿದ ಸೂರು, ಗೋಡೆಗಳಿಂದ ಕಡಿದು ತುಂಡು ಮಾಡದ ಒಳಜಾಗ, ನಡುವೆ ದೊಡ್ಡ ಒಲೆ. ಇಂದು ಬೆಂಗಳೂರಿನಿಂದ ಗುರುಗ್ರಾಮದವರೆಗೆ ಫ್ಲ್ಯಾಟುಗಳ ಜಾಹೀರಾತಿನಲ್ಲಿ ಬರುವ ಓಪನ್ ಪ್ಲ್ಯಾನ್ ಎಂಬ ಮಾತಿನ ಬೇರು ಹುಡುಕುತ್ತ ಹೋದರೆ ಒಂದು ದಾರಿ ಈ ಓಕ್ ಪಾರ್ಕ್‌ಗೆ ಹೋಗಿ ನಿಲ್ಲುತ್ತದೆ.

ಆತ್ಮಕಥೆ ಓದಿದರೆ ಆ ಸ್ಟುಡಿಯೋದಲ್ಲಿ ಒಬ್ಬರೇ ಕೂತು ಎಲ್ಲ ಮಾಡಿದಂತೆ ಅನಿಸುತ್ತದೆ. ಸಹಾಯಕರು ಇದ್ದರು ಎಂಬುದನ್ನು ರೈಟ್ ಮುಚ್ಚಿಡುವುದಿಲ್ಲ, ಆದರೆ ಅವರು ಬರೀ ಕೈಗಳು, ತಲೆ ಮಾತ್ರ ಒಂದೇ. ನಿಜದಲ್ಲಿ ಅಲ್ಲಿ ಮೇರಿಯನ್ ಮಹೋನಿ ಇದ್ದರು. ಪ್ರಸಿದ್ಧ ಎಂಐಟಿಯಿಂದ 1894ರಲ್ಲಿ ಆರ್ಕಿಟೆಕ್ಚರ್ ಪದವಿ ಪಡೆದವರು, ಆ ಸಂಸ್ಥೆಯಲ್ಲಿ ಹಾಗೆ ಪದವಿ ಪಡೆದ ಎರಡನೇ ಮಹಿಳೆ. 1895ರಿಂದ ಸುಮಾರು ಹದಿನಾಲ್ಕು ವರ್ಷ, ನಡುನಡುವೆ ಬಿಡುವು ಕೊಟ್ಟು, ರೈಟ್ ಜೊತೆ ಕೆಲಸ ಮಾಡಿದರು. ಅವರ ಕೈಯ ಚಿತ್ರಗಳು ಜಪಾನೀ ಮರದಚ್ಚಿನ ಚಿತ್ರಗಳ ಹಾಗೆ: ಕಟ್ಟಡದ ಮುಂದೆ ಗಿಡ, ಎಲೆ, ಕೊಂಬೆ ತುಂಬಿಕೊಂಡು ಕಾಗದದ ಅಂಚಿನವರೆಗೂ ಚಾಚಿರುತ್ತಿದ್ದವು. 1910ರ ಹೊತ್ತಿಗೆ ಬರ್ಲಿನ್‌ನ ವಾಸ್ಮುತ್ ಪ್ರಕಾಶನ ಹೊರತಂದ ಚಿತ್ರಸಂಪುಟ ರೈಟ್ ಹೆಸರನ್ನು ಯುರೋಪಿಗೆ ಮುಟ್ಟಿಸಿತು. ಅದರಲ್ಲಿ ಅರ್ಧದಷ್ಟು ಚಿತ್ರಗಳ ಮೂಲ ಮಹೋನಿ ಅವರದ್ದು ಎಂದು ಈಗ ಇತಿಹಾಸಕಾರರು ಗುರುತಿಸುತ್ತಾರೆ. ಸಂಪುಟದ ಮೇಲಿದ್ದ ಹೆಸರು ಒಂದೇ.

ಅದೇ ಸ್ಟುಡಿಯೋದಲ್ಲಿ ಹುಡುಗನಾಗಿ ಕೆಲಸಕ್ಕೆ ಸೇರಿದ ಬ್ಯಾರಿ ಬರ್ನ್ ಮುಂದೆ ನೆನಪಿಸಿಕೊಂಡ ಒಂದು ಸಂಗತಿ ಇಡೀ ಆಫೀಸಿನ ವಾತಾವರಣ ತಿಳಿಸುತ್ತದೆ. ರೈಟ್ ಆಗಾಗ ಸಹಾಯಕರ ನಡುವೆ ಸಣ್ಣ ವಿನ್ಯಾಸ ಸ್ಪರ್ಧೆ ಇಡುತ್ತಿದ್ದರು. ಹೆಚ್ಚಿನ ಸಲ ಗೆಲ್ಲುತ್ತಿದ್ದವರು ಮಹೋನಿ. ಗೆದ್ದ ವಿನ್ಯಾಸ ಕಡತಕ್ಕೆ ಸೇರಿ, ಬೇಕಾದಾಗ ಬಳಕೆಗೆ ಬರುತ್ತಿತ್ತು. ಯಾರಾದರೂ ಮರೆತು ಅದನ್ನು ಮಿಸ್ ಮಹೋನಿ ಅವರ ವಿನ್ಯಾಸ ಎಂದುಬಿಟ್ಟರೆ ರೈಟ್ ಗದರಿಸುತ್ತಿದ್ದರು. ನಿಮ್ಮ ಮನೆಯಲ್ಲಿ ಆರ್ಕಿಟೆಕ್ಚರ್ ಓದುವ ತಂಗಿಯೋ ತಮ್ಮನೋ ಇದ್ದರೆ ಇದನ್ನು ಹೇಳಿ ನೋಡಿ. ಇಂಟರ್ನ್‌ಶಿಪ್ ಮಾಡಿದವರಾದರೆ ತಮ್ಮದೂ ಒಂದು ಕಥೆ ತೆಗೆಯದೆ ಇರಲಾರರು.

ಸಂಬಳದ ಮಾತು ಬಂದರೆ ರೈಟ್ ಪುಸ್ತಕದಲ್ಲಿ ಮುಚ್ಚುಮರೆ ಇಲ್ಲ, ಅದೊಂದು ಮೆಚ್ಚಬೇಕಾದ ವಿಷಯ. ದಿನಸಿ ಅಂಗಡಿಯಲ್ಲಿ ನೂರಾರು ಡಾಲರ್ ಬಾಕಿ ಇರುವಾಗಲೇ ಒಳ್ಳೆಯ ಪುಸ್ತಕ, ರತ್ನಗಂಬಳಿ, ಸಂಗೀತ ಕಚೇರಿಯ ಟಿಕೆಟ್ ಕೊಳ್ಳುತ್ತಿದ್ದುದನ್ನು ಅವರು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಾರೆ. ಐಷಾರಾಮ ಮೊದಲು, ಅಗತ್ಯಗಳು ಹೇಗೋ ನಡೆಯುತ್ತವೆ ಎಂಬ ಲೆಕ್ಕ. ಆ ಲೆಕ್ಕದಲ್ಲಿ ಸಹಾಯಕರ ಸಂಬಳ ಅಗತ್ಯದ ಪಟ್ಟಿಯಲ್ಲಿತ್ತು ಎನ್ನುವುದೇ ತೊಂದರೆ. ಮಹೋನಿ ಅವರ ಸಹೋದ್ಯೋಗಿ ವಾಲ್ಟರ್ ಬರ್ಲಿ ಗ್ರಿಫಿನ್ ಆಫೀಸನ್ನು ನಡೆಸುತ್ತಿದ್ದವರು. 1905ರಲ್ಲಿ ರೈಟ್ ಜಪಾನ್ ಪ್ರವಾಸಕ್ಕೆ ಹೊರಟಾಗ ಸಾಲ ಕೊಟ್ಟವರೂ ಅವರೇ. ವಾಪಸು ಬಂದ ರೈಟ್ ಹಣದ ಬದಲು ಜಪಾನೀ ಚಿತ್ರಗಳನ್ನು ಕೊಟ್ಟು ಸಾಲ ತೀರಿತೆಂದರು. ಗ್ರಿಫಿನ್ ಕೆಲಸ ಬಿಟ್ಟರು. ಕೆಲವು ವರ್ಷದ ನಂತರ ಅವರು ಮಹೋನಿಯನ್ನು ಮದುವೆಯಾದರು. ಆಸ್ಟ್ರೇಲಿಯಾದ ಹೊಸ ರಾಜಧಾನಿ ಕ್ಯಾನ್‌ಬೆರಾ ನಿರ್ಮಾಣಕ್ಕೆ ನಡೆದ ಜಾಗತಿಕ ಸ್ಪರ್ಧೆಯನ್ನು 1912ರಲ್ಲಿ ಗೆದ್ದಿದ್ದು ಗ್ರಿಫಿನ್ ಯೋಜನೆ. ತೀರ್ಪುಗಾರರ ಮುಂದೆ ಹೋದ ಆ ಚೆಲುವಾದ ಚಿತ್ರಗಳು ಮೇರಿಯನ್ ಕೈಯವು.

ಬೆಂಕಿ, ಸಾವು, ಜಪ್ತಿ

1909ರಲ್ಲಿ ರೈಟ್ ಹೆಂಡತಿ ಮತ್ತು ಆರು ಮಕ್ಕಳನ್ನು ಬಿಟ್ಟು, ತಮ್ಮದೇ ಗಿರಾಕಿಯ ಹೆಂಡತಿ ಮೇಮಾ ಬಾರ್ತ್‌ವಿಕ್ ಜೊತೆ ಯುರೋಪಿಗೆ ಹೋದರು. ಅರ್ಧಕ್ಕೆ ನಿಂತ ಕೆಲಸಗಳನ್ನು ಮುಗಿಸಿಕೊಟ್ಟಿದ್ದು ಬೇರೊಬ್ಬ ಆರ್ಕಿಟೆಕ್ಟ್ ಹೆಸರಿನಲ್ಲಿ ಮತ್ತೆ ಮಹೋನಿಯೇ. ವಾಪಸು ಬಂದ ರೈಟ್ 1911ರಲ್ಲಿ ತಾಯಿಯ ಕಡೆಯವರ ಕಣಿವೆಯಲ್ಲಿ, ವಿಸ್ಕಾನ್ಸಿನ್‌ನ ಸ್ಪ್ರಿಂಗ್ ಗ್ರೀನ್ ಊರಿನ ಹತ್ತಿರ, ಟ್ಯಾಲಿಯೆಸಿನ್ ಎಂಬ ಮನೆ ಕಟ್ಟಿದರು. ವೆಲ್ಷ್ ಭಾಷೆಯ ಆ ಹೆಸರಿಗೆ ಹೊಳೆಯುವ ಹಣೆ ಎಂದು ಅರ್ಥ. ಮನೆ ಕೂತಿದ್ದೂ ಗುಡ್ಡದ ನೆತ್ತಿಯ ಮೇಲಲ್ಲ, ಹಣೆಯ ಜಾಗದಲ್ಲಿ.

1914ರ ಆಗಸ್ಟ್ 15. ರೈಟ್ ಶಿಕಾಗೋದಲ್ಲಿ ಕೆಲಸದ ಮೇಲಿದ್ದರು. ಮನೆಯ ಕೆಲಸಗಾರ ಜೂಲಿಯನ್ ಕಾರ್ಲ್‌ಟನ್ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮನೆಗೆ ಬೆಂಕಿ ಹಚ್ಚಿ, ಒಳಗಿದ್ದವರ ಮೇಲೆ ಕೊಡಲಿ ಬೀಸಿದ. ಮೇಮಾ, ಅವರ ಇಬ್ಬರು ಮಕ್ಕಳು, ಒಬ್ಬ ನಕ್ಷೆಗಾರ, ಕೆಲಸದವರು, ಬಡಗಿಯ ಹದಿಮೂರು ವರ್ಷದ ಮಗ ಹೀಗೆ ಏಳು ಜನ ಸತ್ತರು. ಆತ್ಮಕಥೆಯ ಈ ಪುಟಗಳಲ್ಲಿ ಬೆಡಗು ಕಾಣುವುದಿಲ್ಲ. ಮೇಮಾ ಶವಪೆಟ್ಟಿಗೆಯಲ್ಲಿ ತೋಟದ ಹೂಗಳನ್ನೇ ಕೊಯ್ದು ತುಂಬಿ ಮಣ್ಣು ಮಾಡಿದ್ದನ್ನು ಅವರು ಸರಳವಾಗಿ ಬರೆದಿದ್ದಾರೆ. ಪುಸ್ತಕದಲ್ಲಿ ನಾನು ಸಂಪೂರ್ಣವಾಗಿ ನಂಬುವ ಭಾಗ ಇದು.

ಮನೆಯನ್ನು ಮತ್ತೆ ಕಟ್ಟಿದರು. ಟೋಕಿಯೋದ ಇಂಪೀರಿಯಲ್ ಹೋಟೆಲ್ ಕೆಲಸ ವರ್ಷಗಟ್ಟಲೆ ಕೈ ಹಿಡಿಯಿತು. 1923ರ ಸೆಪ್ಟೆಂಬರ್ 1ರ ಮಹಾಭೂಕಂಪದಲ್ಲಿ ಹೋಟೆಲ್ ಉಳಿಯಿತು ಎಂಬ ತಂತಿ ಬಂದಾಗ ರೈಟ್ ಜಗತ್ತಿಗೇ ಹೀರೋ. ಹೋಟೆಲ್‌ಗೂ ಪೆಟ್ಟು ಬಿದ್ದಿತ್ತು, ಬೇರೆ ಕಟ್ಟಡಗಳೂ ಉಳಿದಿದ್ದವು, ಆ ಮಾತು ಕಥೆಯಲ್ಲಿ ಬಿಟ್ಟುಹೋಯಿತು. ಇದೇ ಹೋಟೆಲ್ ಕೆಲಸದಲ್ಲಿ ಜೊತೆಗಿದ್ದವರು ಮಗ ಜಾನ್. ಬಾಕಿ ಸಂಬಳವನ್ನು ಗಿರಾಕಿಯ ಹಣದಿಂದ ತಾನೇ ಮುರಿದುಕೊಂಡಿದ್ದಕ್ಕೆ ಅಪ್ಪ ಕೆಲಸದಿಂದ ಕಿತ್ತುಹಾಕಿದರು. ಜಾನ್ ಸುಮ್ಮನೆ ಕೂರಲಿಲ್ಲ, ಹೋಟೆಲ್‌ನ ತೊಲೆಗಳ ಜೋಡಣೆ ನೆನಪಿಟ್ಟುಕೊಂಡು ಲಿಂಕನ್ ಲಾಗ್ಸ್ ಎಂಬ ಮಕ್ಕಳ ಆಟಿಕೆ ಮಾಡಿದರು. ಅಮೆರಿಕದಲ್ಲಿ ಅದು ಮನೆಮಾತಾಯಿತು. 1946ರಲ್ಲಿ ಅಪ್ಪನ ಬಗ್ಗೆ 'ಮೈ ಫಾದರ್ ಹೂ ಈಸ್ ಆನ್ ಅರ್ಥ್' ಪುಸ್ತಕವನ್ನೂ ಬರೆದರು. ಕ್ರಿಶ್ಚಿಯನ್ ಪ್ರಾರ್ಥನೆಯ ಸ್ವರ್ಗದಲ್ಲಿರುವ ತಂದೆಯನ್ನು ಭೂಮಿಗೆ ಇಳಿಸಿದ ಆ ಶೀರ್ಷಿಕೆಯಲ್ಲೇ ಪ್ರೀತಿ, ಕುಟುಕು ಎರಡೂ ಇವೆ.

1925ರಲ್ಲಿ ಟ್ಯಾಲಿಯೆಸಿನ್‌ಗೆ ಮತ್ತೆ ಬೆಂಕಿ ಬಿತ್ತು. ಎರಡನೇ ಹೆಂಡತಿ ಮಿರಿಯಂ ಜೊತೆ ಕೋರ್ಟ್ ಜಗಳ ನಡೆಯುತ್ತಿರುವಾಗಲೇ ಓಲ್ಗಿವಾನಾ ಬದುಕಿಗೆ ಬಂದಿದ್ದರು. 1926ರಲ್ಲಿ ಮಿನೆಸೋಟಾದ ಸರೋವರದ ಬದಿಯ ಮನೆಯೊಂದರಲ್ಲಿ ಅಡಗಿಕೊಂಡಿದ್ದಾಗ ಇಬ್ಬರನ್ನೂ ಪೊಲೀಸರು ಹಿಡಿದರು. ರೈಟ್ ಎರಡು ರಾತ್ರಿ ಜೈಲಿನಲ್ಲಿ ಕಳೆದರು. ಅದೇ ಸರೋವರದ ಬದಿಯ ದಿನಗಳಲ್ಲಿ, ಓಲ್ಗಿವಾನಾ ಒತ್ತಾಯದಿಂದ, ಆತ್ಮಕಥೆ ಶುರುವಾಯಿತು. ಕೈಯಲ್ಲಿ ನಕ್ಷೆ ಮಾಡುವ ಕೆಲಸವಿರಲಿಲ್ಲ, ಬರೆಯಲು ಸಮಯವಿತ್ತು.

ಅತ್ತ ಬ್ಯಾಂಕ್ ಟ್ಯಾಲಿಯೆಸಿನ್ ಅನ್ನು ವಶಕ್ಕೆ ತೆಗೆದುಕೊಂಡಿತು. ರೈಟ್ ಜೀವಮಾನವಿಡೀ ಕೂಡಿಟ್ಟ ಜಪಾನೀ ಚಿತ್ರಗಳು 1927ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಾದವು. ಆಗ ಸ್ನೇಹಿತರು, ಹಳೆಯ ಗಿರಾಕಿಗಳು, ತಂಗಿ ಎಲ್ಲ ಸೇರಿ ಮಾಡಿದ ಉಪಾಯ ಮಜವಾಗಿದೆ: ಫ್ರಾಂಕ್ ಲಾಯ್ಡ್ ರೈಟ್ ಇನ್ಕಾರ್ಪೊರೇಟೆಡ್ ಎಂಬ ಕಂಪನಿಯನ್ನೇ ತೆರೆದು, ಈ ಮನುಷ್ಯ ಮುಂದೆ ದುಡಿಯಬಹುದಾದ ಹಣದ ಮೇಲೆ ಷೇರು ಕೊಂಡರು. ಸ್ಟಾರ್ಟಪ್‌ಗೆ ಹಣ ಹೂಡುವವರನ್ನು ನಾವು ನೋಡಿದ್ದೇವೆ, ಅರವತ್ತು ವರ್ಷದ ಸಾಲಗಾರನ ಮೇಲೆ ಹೂಡುವುದು ಬೇರೆ ಮಾತು. ಷೇರುದಾರರಲ್ಲಿ ಒಬ್ಬರಾದ ಬಫಲೋ ನಗರದ ಉದ್ಯಮಿ ಡಾರ್ವಿನ್ ಮಾರ್ಟಿನ್ ಇಪ್ಪತ್ತಕ್ಕೂ ಹೆಚ್ಚು ವರ್ಷ ರೈಟ್‌ಗೆ ಸಾಲ ಕೊಟ್ಟವರು. ಅದರಲ್ಲಿ ದೊಡ್ಡ ಮೊತ್ತ ವಾಪಸು ಬರಲೇ ಇಲ್ಲ.

ಪುಸ್ತಕ ಓದಿ ಬಂದ ಹುಡುಗ

1932ರಲ್ಲಿ ಪುಸ್ತಕ ಬಂದ ಮೇಲೆ ರೈಟ್ ದಂಪತಿ ಇನ್ನೊಂದು ದಾರಿ ಹುಡುಕಿದರು. ಗಿರಾಕಿಗಳಿಲ್ಲದಿದ್ದರೇನು, ಶಿಷ್ಯರು ಬರಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಟ್ಯಾಲಿಯೆಸಿನ್ ಫೆಲೋಶಿಪ್ ಶುರುವಾಯಿತು. ಹೆಸರು ಫೆಲೋಶಿಪ್, ಆದರೆ ಹಣ ಸಿಗುತ್ತಿರಲಿಲ್ಲ, ಕೊಡಬೇಕಿತ್ತು: ವರ್ಷಕ್ಕೆ 600 ಡಾಲರ್‌ಗೂ ಹೆಚ್ಚು, ನಂತರ ಇನ್ನೂ ಏರಿತು. ಹಣ ಕೊಟ್ಟು ಬಂದ ಯುವಕ ಯುವತಿಯರು ಕಲ್ಲು ಹೊರುತ್ತಿದ್ದರು, ಸುಣ್ಣ ಸುಡುತ್ತಿದ್ದರು, ಹೊಲ ಉಳುತ್ತಿದ್ದರು, ಸರದಿಯಂತೆ ಅಡುಗೆ ಮಾಡುತ್ತಿದ್ದರು. ಉಳಿದ ಹೊತ್ತಿನಲ್ಲಿ ನಕ್ಷೆ. ಪಾಠ, ಪರೀಕ್ಷೆ, ಪದವಿ ಯಾವುದೂ ಇಲ್ಲ. ನಮ್ಮವರು ಇದನ್ನು ಗುರುಕುಲ ಎಂದು ಕರೆದು ಖುಷಿಪಡುವುದುಂಟು. ಗುರುದಕ್ಷಿಣೆ ಮೊದಲೇ ಕಟ್ಟಿಸಿಕೊಳ್ಳುವ ಗುರುಕುಲ ಎಂದರೆ ಸರಿಹೋದೀತು.

ಆದರೂ ಜನ ಬಂದರು, ಅನೇಕರು ಆತ್ಮಕಥೆ ಓದಿಯೇ ಬಂದರು. ಹಾಗೆ 1934ರಲ್ಲಿ ಬಂದವರಲ್ಲಿ ಒಬ್ಬರು ಪಿಟ್ಸ್‌ಬರ್ಗ್‌ನ ಎಡ್ಗರ್ ಕಾಫ್‌ಮನ್ ಜೂನಿಯರ್. ಊರಿನ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಮಾಲೀಕರ ಮಗ. ಮಗನನ್ನು ನೋಡಲು ಬಂದ ಅಪ್ಪ ಅಮ್ಮನಿಗೂ ರೈಟ್ ಪರಿಚಯವಾಯಿತು. ಪೆನ್ಸಿಲ್ವೇನಿಯಾದ ಕಾಡಿನಲ್ಲಿ ಬೇರ್ ರನ್ ಎಂಬ ತೊರೆಯ ಬಳಿ ಅವರಿಗೆ ಜಾಗವಿತ್ತು. ಜಲಪಾತ ಕಾಣುವಂತೆ ಎದುರಿಗೆ ಒಂದು ವಾರಾಂತ್ಯದ ಮನೆ ಬೇಕು ಎಂಬುದು ಅವರ ಆಸೆ.

1934ರ ಡಿಸೆಂಬರ್‌ನಲ್ಲಿ ರೈಟ್ ಜಾಗ ನೋಡಿ ಬಂದರು. ಬಂಡೆ, ಮರಗಳ ಸಮೇತ ಅಳತೆ ನಕ್ಷೆ ತರಿಸಿಕೊಂಡರು. ಆಮೇಲೆ ತಿಂಗಳುಗಟ್ಟಲೆ ಕಾಗದದ ಮೇಲೆ ಏನೂ ಇಲ್ಲ. 1935ರ ಸೆಪ್ಟೆಂಬರ್‌ನ ಒಂದು ಬೆಳಗ್ಗೆ ಕಾಫ್‌ಮನ್ ಮಿಲ್ವಾಕಿಯಿಂದ ಫೋನ್ ಮಾಡಿ, ನಕ್ಷೆ ನೋಡಲು ಬರುತ್ತಿದ್ದೇನೆ ಎಂದರು. ಕಾರಿನಲ್ಲಿ ಕೆಲವೇ ಗಂಟೆಯ ದಾರಿ. ಮುಂದೆ ಏನಾಯಿತು ಎಂಬುದನ್ನು ಪಕ್ಕದಲ್ಲೇ ನಿಂತು ಪೆನ್ಸಿಲ್ ಕೆತ್ತಿಕೊಡುತ್ತಿದ್ದ ಶಿಷ್ಯ ಎಡ್ಗರ್ ಟಾಫೆಲ್ ತಮ್ಮ 'ಅಪ್ರೆಂಟಿಸ್ ಟು ಜೀನಿಯಸ್' (1979) ಪುಸ್ತಕದಲ್ಲಿ ಬರೆದಿದ್ದಾರೆ. ರೈಟ್ ಬಂದು ಮೇಜಿನ ಮುಂದೆ ಕೂತರು. ಒಂದೊಂದೇ ಮಹಡಿಯ ನಕ್ಷೆ ಕೈಯಿಂದ ಹರಿದು ಬಂತು. ಪೆನ್ಸಿಲ್ ತುದಿ ಮುರಿದಂತೆಲ್ಲ ಇನ್ನೊಂದು. ಗಿರಾಕಿ ಬರುವ ಹೊತ್ತಿಗೆ ಮನೆ ಕಾಗದದ ಮೇಲಿತ್ತು, ಜಲಪಾತದ ಎದುರಿಗಲ್ಲ, ಅದರ ಮೇಲೆಯೇ. ರೈಟ್ ಕಾಫ್‌ಮನ್‌ರನ್ನು ಊಟಕ್ಕೆ ಕರೆದೊಯ್ದಾಗ ಟಾಫೆಲ್ ಮತ್ತು ಬಾಬ್ ಮೋಷರ್ ಉಳಿದ ಎರಡು ಮಗ್ಗುಲಿನ ಚಿತ್ರ ಬರೆದು ಮುಗಿಸಿದರು.

ಈ ಕಥೆಯನ್ನು ಪ್ರತಿಭೆಯ ಪವಾಡ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನಿಸಿದ್ದು ಕೊನೆಯ ಭಾಗ. ಊಟದ ಹೊತ್ತಿನಲ್ಲಿ ಇಬ್ಬರು ಹುಡುಗರು, ಅದೂ ಫೀಸು ಕೊಟ್ಟು ಬಂದವರು, ಚಿತ್ರ ಮುಗಿಸದಿದ್ದರೆ?

ಫಾಲಿಂಗ್‌ವಾಟರ್ ಎಂಬ ಆ ಮನೆ 1937ಕ್ಕೆ ಸಿದ್ಧವಾಯಿತು. ಅಂದುಕೊಂಡಿದ್ದಕ್ಕಿಂತ ಖರ್ಚು ಹಲವು ಪಟ್ಟು ಏರಿ, 1,50,000 ಡಾಲರ್ ದಾಟಿತು. ತೊರೆಯ ಮೇಲೆ ಚಾಚಿದ ಕಾಂಕ್ರೀಟ್ ಚಪ್ಪಡಿಗಳಿಗೆ ಕಬ್ಬಿಣ ಸಾಲದು ಎಂದು ಕಾಫ್‌ಮನ್ ಕಡೆಯ ಎಂಜಿನಿಯರ್‌ಗಳಿಗೆ ಅನುಮಾನ. ರೈಟ್‌ಗೆ ತಿಳಿಸದೆ ಹೆಚ್ಚು ಸರಳು ಹಾಕಿಸಿದರು. ಗೊತ್ತಾದಾಗ ರೈಟ್ ಕೆಂಡಾಮಂಡಲ. ಕಾಲ ತೀರ್ಪು ಕೊಟ್ಟಿದ್ದು ಎಂಜಿನಿಯರ್‌ಗಳ ಕಡೆಗೇ: ಸರಳು ಹೆಚ್ಚಿಸಿದ ಮೇಲೂ ಚಪ್ಪಡಿ ವರ್ಷ ಕಳೆದಂತೆ ಬಾಗುತ್ತಲೇ ಹೋಗಿ, 2002ರಲ್ಲಿ ಉಕ್ಕಿನ ತಂತಿಗಳನ್ನು ಎಳೆದು ಬಿಗಿದು ಉಳಿಸಿಕೊಳ್ಳಬೇಕಾಯಿತು. 2019ರಲ್ಲಿ ರೈಟ್ ಅವರ ಎಂಟು ಕಟ್ಟಡಗಳು ಯುನೆಸ್ಕೋ ವಿಶ್ವಪರಂಪರೆ ಪಟ್ಟಿ ಸೇರಿದಾಗ ಇದೂ ಅದರಲ್ಲಿತ್ತು.

1938ರ ಜನವರಿಯಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ರೈಟ್. ಹಿಂದೆ ಈ ಮನೆಯ ಚಿತ್ರ. ಅಲ್ಲಿಂದ ಹಿಂದಿರುಗಿ ನೋಡಲಿಲ್ಲ. ಜಾನ್ಸನ್ ವ್ಯಾಕ್ಸ್ ಕಂಪನಿಯ ಕಚೇರಿಗೆ ಅಣಬೆಯಂತೆ ಮೇಲೆ ಅರಳಿದ ತೆಳು ಕಂಬಗಳನ್ನು ಮಾಡಿದಾಗ ಅಧಿಕಾರಿಗಳು ಒಪ್ಪಲಿಲ್ಲ. ಒಂದು ಕಂಬ ನಿಲ್ಲಿಸಿ, ಮೇಲೆ ಮರಳು ಮೂಟೆ, ಕಬ್ಬಿಣ ಹೇರಿ ಪರೀಕ್ಷೆ ಮಾಡಿದರು. ಹೊರಬೇಕಿದ್ದುದು 12 ಟನ್, ಹೊತ್ತಿದ್ದು 60. ಅದೇ ಕಾಲದಲ್ಲಿ ಮ್ಯಾಡಿಸನ್ ಪಟ್ಟಣದ ಪತ್ರಕರ್ತ ಹರ್ಬರ್ಟ್ ಜೇಕಬ್ಸ್ 5,000 ಡಾಲರ್‌ಗೆ ಮನೆ ಮಾಡಿಕೊಡಬಲ್ಲಿರಾ ಎಂದು ಕೇಳಿಕೊಂಡು ಬಂದರು. ರೈಟ್ ಒಪ್ಪಿ, ತಮ್ಮ ಫೀಸು 450 ಡಾಲರ್ ಸೇರಿ 5,500ಕ್ಕೆ ಮುಗಿಸಿದರು. ಪತ್ರಕರ್ತರ ಸಂಬಳದಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಮನೆ! ಈ ಕೆಲಸದಲ್ಲಿರುವ ಯಾರಿಗಾದರೂ ಹೊಟ್ಟೆಕಿಚ್ಚಾಗುವ ಸುದ್ದಿ. ಜೇಕಬ್ಸ್ ದಂಪತಿಯೂ ಆ ಅನುಭವವನ್ನು 1978ರಲ್ಲಿ ಪುಸ್ತಕ ಮಾಡಿದರು.

1943ರಲ್ಲಿ ಆತ್ಮಕಥೆಯ ಹಿಗ್ಗಿಸಿದ ಆವೃತ್ತಿ ಬಂತು, ಈ ಎಲ್ಲ ಗೆಲುವುಗಳೊಂದಿಗೆ. ಅಷ್ಟರಲ್ಲಿ ಟಾಫೆಲ್ ಟ್ಯಾಲಿಯೆಸಿನ್ ಬಿಟ್ಟಾಗಿತ್ತು. 1941ರಲ್ಲಿ ಹೊರಟಿದ್ದು ದುಡ್ಡಿನ ವಿಷಯಕ್ಕೇ: ಶಿಷ್ಯರು ತಾವೇ ಹುಡುಕಿ ತಂದ ಕೆಲಸದ ಫೀಸಿನಲ್ಲಿ ಅವರಿಗೆ ಪಾಲು ಬೇಕೋ ಬೇಡವೋ ಎಂಬ ಜಗಳ. ಆದರೂ ಅವರ ಪುಸ್ತಕದಲ್ಲಿ ಕಹಿಯಿಲ್ಲ, ಗುರುವಿನ ತಮಾಷೆಯೇ ಹೆಚ್ಚು. ಆರ್ಕಿಟೆಕ್ಟ್ ಆಫೀಸು ಹೇಗೆ ನಡೆಯುತ್ತದೆ ಎಂದು ತಿಳಿಯಲು ರೈಟ್ ಪುಸ್ತಕಕ್ಕಿಂತ ಮೊದಲು ಟಾಫೆಲ್ ಓದಿ ಎಂದು ನಾನು ಹೇಳುತ್ತೇನೆ.

ಅಹಮದಾಬಾದ್, ಮುಂಬೈ, ದೆಹಲಿ

ಟ್ಯಾಲಿಯೆಸಿನ್‌ಗೆ ನಮ್ಮ ದೇಶದಿಂದಲೂ ಜನ ಹೋದರು. 1940ರ ದಶಕದ ನಡುವಿನಲ್ಲಿ ಅಹಮದಾಬಾದ್‌ನ ಸಾರಾಭಾಯಿ ಕುಟುಂಬಕ್ಕಾಗಿ ರೈಟ್ ಕ್ಯಾಲಿಕೋ ಮಿಲ್ಸ್ ಮಳಿಗೆಯ ವಿನ್ಯಾಸ ಮಾಡಿದ್ದರು, ಅದನ್ನು ಕಟ್ಟಲಿಲ್ಲ. ಆ ಮನೆಯ ಗೀರಾ ಸಾರಾಭಾಯಿ ಟ್ಯಾಲಿಯೆಸಿನ್‌ನಲ್ಲಿ ಕಲಿತು ಬಂದು, ಅಣ್ಣ ಗೌತಮ್ ಜೊತೆ ಅಹಮದಾಬಾದ್‌ನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ ಕಟ್ಟಿದವರಲ್ಲಿ ಪ್ರಮುಖರಾದರು. ಮಾನ್‌ಸಿಂಗ್ ರಾಣಾ ಅಲ್ಲಿಂದ ಮರಳಿ ಸರ್ಕಾರಿ ಆರ್ಕಿಟೆಕ್ಟ್ ಆದರು. ದೆಹಲಿಯ ತೀನ್‌ಮೂರ್ತಿ ಆವರಣದ ನೆಹರು ತಾರಾಲಯ ಅವರ ವಿನ್ಯಾಸ. ಮುಂಬೈನ ನಾರಿ ಗಾಂಧಿ 1950ರ ದಶಕದಲ್ಲಿ ಹೋಗಿ ರೈಟ್ ಅವರ ಕೊನೆಯ ವರ್ಷಗಳನ್ನು ನೋಡಿದರು. ಮರಳಿ ಬಂದು ಆಫೀಸನ್ನೇ ಇಟ್ಟುಕೊಳ್ಳದೆ, ನಕ್ಷೆಯನ್ನೂ ಹೆಚ್ಚು ಬರೆಯದೆ, ಕಲ್ಲುಕುಟಿಗರು ಬಡಗಿಗಳ ಜೊತೆ ಜಾಗದಲ್ಲೇ ನಿಂತು ಮನೆ ಕಟ್ಟಿಸಿದರು. ಪುಸ್ತಕವನ್ನೂ ಬರೆಯಲಿಲ್ಲ.

ರೈಟ್ 1959ರ ಏಪ್ರಿಲ್ 9ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡರು. 1943ರಲ್ಲಿ ಒಪ್ಪಿಕೊಂಡಿದ್ದ ನ್ಯೂಯಾರ್ಕಿನ ಗುಗನ್‌ಹೈಮ್ ಮ್ಯೂಸಿಯಂ ಬಾಗಿಲು ತೆರೆದಿದ್ದು ಅದಾದ ಆರು ತಿಂಗಳಿಗೆ.

ಮೇರಿಯನ್ ಮಹೋನಿ ಗ್ರಿಫಿನ್ ಇನ್ನೂ ಬದುಕಿದ್ದರು. ಅವರ ಗಂಡ ವಾಲ್ಟರ್ 1935ರಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯ ಕಟ್ಟಲೆಂದು ಲಖನೌಗೆ ಬಂದಿದ್ದರು, ಮರುವರ್ಷ ಮೇರಿಯನ್ನೂ ಬಂದು ಸೇರಿಕೊಂಡರು. ಕೈತುಂಬ ಕೆಲಸ ಸಿಕ್ಕಿತ್ತು. 1937ರ ಫೆಬ್ರವರಿಯಲ್ಲಿ ವಾಲ್ಟರ್ ಅಲ್ಲೇ ಅನಾರೋಗ್ಯದಿಂದ ತೀರಿಕೊಂಡರು, ಸಮಾಧಿಯೂ ಲಖನೌದಲ್ಲಿದೆ. ಶಿಕಾಗೋಗೆ ಹಿಂದಿರುಗಿದ ಮೇರಿಯನ್ 1940ರ ದಶಕದಲ್ಲಿ ತಮ್ಮ ಮತ್ತು ಗಂಡನ ಬದುಕು, ಕೆಲಸದ ಬಗ್ಗೆ ಬರೆದರು. ಸಾವಿರದ ನಾನೂರು ಪುಟಕ್ಕೂ ಮಿಕ್ಕಿದ ಆ ಟೈಪ್ ಪ್ರತಿಗೆ 'ದಿ ಮ್ಯಾಜಿಕ್ ಆಫ್ ಅಮೆರಿಕ' ಎಂದು ಹೆಸರು. ರೈಟ್ ಬಗ್ಗೆ ಅದರಲ್ಲಿ ಇರುವುದು ಮುಚ್ಚಿಡದ ಸಿಟ್ಟು. ನಾಲ್ಕು ಭಾಗಗಳು, ಪ್ರತಿಯೊಂದಕ್ಕೂ ಯುದ್ಧ ಎಂದೇ ಶೀರ್ಷಿಕೆ, ಮೊದಲ ಯುದ್ಧ ಶುರುವಾಗುವುದು ಭಾರತದಲ್ಲಿ. ಅವರು 1961ರಲ್ಲಿ ಸಾಯುವವರೆಗೂ ಅದು ಪ್ರಕಟವಾಗಲಿಲ್ಲ. 2007ರಲ್ಲಿ ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೋ ಇಡೀ ಹಸ್ತಪ್ರತಿಯನ್ನು ಚಿತ್ರಗಳ ಸಮೇತ ಇಂಟರ್ನೆಟ್‌ಗೆ ಹಾಕಿತು, ಹಣ ಕೊಡದೆ ಓದಬಹುದು.